ಆಡು ಕೆಳಗಿಳಿದ ಬೆಟ್ಟದ ನೀಲಿ ಚೀಸು: ಕಬ್ರಾಲೆಸ್ ಪ್ರಕರಣ

2024ರ ಆಗಸ್ಟ್ ತಿಂಗಳ ಕೊನೆಯ ಭಾನುವಾರ, ಸ್ಪೇನಿನ ಉತ್ತರದಲ್ಲಿರುವ ಅಸ್ತೂರಿಯಾಸ್ ಪ್ರಾಂತ್ಯದ ಅರೆನಾಸ್ ಎಂಬ ಪುಟ್ಟ ಊರಿನಲ್ಲಿ ಅಲ್ಲಿನ ಚೀಸ್ ಸ್ಪರ್ಧೆಯಲ್ಲಿ ಗೆದ್ದ, ಎರಡು ಕಿಲೋ ಚಿಲ್ಲರೆ ತೂಗುವ ಒಂದು ಕಬ್ರಾಲೆಸ್ ಚೀಸ್, ಅಂದರೆ ಒಳಗೆ ನೀಲಿ ಬೂಷ್ಟು ಬೆಳೆಯುವಂತೆ ಮಾಗಿಸುವ ನೀಲಿ ಚೀಸ್, 36,000 ಯೂರೊಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ಮೂವತ್ತು ಲಕ್ಷ ರೂಪಾಯಿಗೂ ಜಾಸ್ತಿ. ಹರಾಜಿನಲ್ಲಿ ಮಾರಾಟವಾದ ಅತಿ ದುಬಾರಿ ಚೀಸ್ ಅಂತ ಗಿನ್ನೆಸ್ ದಾಖಲೆಯೂ ಸಿಕ್ಕಿತು. ಮಾಡಿದ್ದು ಅಂಹೆಲ್ ದಿಯಾಸ್ ಎರ್ರೆರೊ ಹೆಸರಿನ ಚೀಸ್ ಮನೆ. ಲೋಸ್ ಮಾಸೋಸ್ ಅನ್ನುವ ಗುಹೆಯಲ್ಲಿ, ಸಾವಿರ ಮೀಟರಿಗೂ ಎತ್ತರದಲ್ಲಿ, ಹತ್ತು ತಿಂಗಳು ಮಾಗಿಸಿದ್ದಂತೆ.

ಎಲ್ಲಾ ಸರಿ. ಆದರೆ ಆ ಚೀಸಿನಲ್ಲಿ ಆಡಿನ ಹಾಲು ಒಂದು ಹನಿಯೂ ಇರಲಿಲ್ಲ. ಪೂರ್ತಿ ಹಸುವಿನ ಹಾಲು.

ಇದು ಮೋಸ ಅಲ್ಲ, ಕಬ್ರಾಲೆಸ್ ಅನ್ನುವ ಹೆಸರಿಗಿರುವ ನಿಯಮದಲ್ಲಿ ಹಾಗೆ ಮಾಡಲು ಅವಕಾಶ ಇದೆ. ನನ್ನ ತಕರಾರು ಇರುವುದೇ ಆ ಅವಕಾಶದ ಮೇಲೆ. ಕಬ್ರಾಲೆಸ್ ಅಂದರೆ ಒಂದು ಕಾಲಕ್ಕೆ ಬೆಟ್ಟದ ಮೇಲೆ ಹಸು, ಕುರಿ, ಆಡು ಮೂರನ್ನೂ ಕರೆದು, ಹಾಲನ್ನು ಕಾಯಿಸದೆ ಹಸಿಯಾಗಿಯೇ ಮಾಡುತ್ತಿದ್ದ ಚೀಸು. ಈಗ ಮಾರುಕಟ್ಟೆಗೆ ಬರುವುದರಲ್ಲಿ ಹೆಚ್ಚಿನದು ಬರೀ ಹಸುವಿನ ಹಾಲಿನದು. ಮೂರು ಹಾಲಿನದು ಈಗಲೂ ಇದೆ, ಆದರೆ ಹುಡುಕಬೇಕು. ಹೆಸರು ಉಳಿಯಿತು, ಗುಹೆ ಉಳಿಯಿತು, ಬೆಲೆ ಏರಿತು, ಆಡು ಮಾತ್ರ ಹೊರಗೆ ಹೋಯಿತು. ಇದು ಹೇಗಾಯಿತು ಅನ್ನುವುದೇ ಈ ಪ್ರಕರಣ.

ಜಾಗ ಮತ್ತು ಕೆಲಸ

ಕಬ್ರಾಲೆಸ್ ಇರುವುದು ಪಿಕೋಸ್ ದೆ ಯುರೋಪಾ ಬೆಟ್ಟಸಾಲಿನ ಬುಡದಲ್ಲಿ. ಸುಣ್ಣಕಲ್ಲಿನ ಬೆಟ್ಟಗಳು, ಎರಡೂವರೆ ಸಾವಿರ ಮೀಟರ್ ದಾಟುವ ಶಿಖರಗಳು, ಸಮುದ್ರ ನೋಡಿದರೆ ಹತ್ತಿರದಲ್ಲೇ. ಸಮುದ್ರದ ಮೋಡ ಬಂದು ಬೆಟ್ಟಕ್ಕೆ ಡಿಕ್ಕಿ ಹೊಡೆಯುವುದರಿಂದ ವರ್ಷವಿಡೀ ತೇವ. ಸುಣ್ಣಕಲ್ಲು ನೀರಿಗೆ ಕರಗುತ್ತದೆ, ಹಾಗಾಗಿ ಬೆಟ್ಟದ ಹೊಟ್ಟೆಯೆಲ್ಲ ಗುಹೆ. ಸೋತ್ರೆಸ್, ತಿಯೆಲ್ವೆ, ಬುಲ್ನೆಸ್ ಇಂಥ ಊರುಗಳು. ಬುಲ್ನೆಸ್‌ಗೆ ಇವತ್ತಿಗೂ ರಸ್ತೆ ಇಲ್ಲ. 2001ರಲ್ಲಿ ಬೆಟ್ಟ ಕೊರೆದು ಸುರಂಗದಲ್ಲಿ ಹಗ್ಗದ ರೈಲು ಹಾಕುವ ತನಕ ಹೋಗಿಬರುವುದಕ್ಕೆ ಕಾಲುದಾರಿಯೊಂದೇ.

ಬೇಸಿಗೆ ಬಂದರೆ ಮನೆಯವರು ಮಂದೆ ಹೊಡೆದುಕೊಂಡು ಮೇಲೆ ಹೋಗುತ್ತಿದ್ದರು. ಮೇಲೆ ಕಲ್ಲಿನ ಗುಡಿಸಲು, ಪಕ್ಕದಲ್ಲಿ ದೊಡ್ಡಿ, ಅಲ್ಲೇ ತಿಂಗಳುಗಟ್ಟಲೆ ವಾಸ. ಅಲ್ಲಿಂದ ಹಾಲನ್ನು ಕೆಳಗೆ ಹೊತ್ತು ತರುವಷ್ಟರಲ್ಲಿ ಅದು ಹುಳಿಯಾಗಿರುತ್ತಿತ್ತು. ಚೀಸಾದರೆ ಕೆಡುವುದಿಲ್ಲ, ಹೊರಲೂ ಹಗುರ, ಒಂದು ಕಿಲೋ ಚೀಸಿಗೆ ಸುಮಾರು ಹತ್ತು ಲೀಟರ್ ಹಾಲು ಇಳಿದುಹೋಗಿರುತ್ತದೆ ನೋಡಿ. ಎಲ್ಲ ಹಾಲನ್ನೂ ಒಂದೇ ಪಾತ್ರೆಗೆ ಸುರಿಯುತ್ತಿದ್ದದ್ದೂ ಯಾವುದೋ ರುಚಿಯ ಶಾಸ್ತ್ರದಿಂದ ಅಲ್ಲ. ಒಂದೊಂದು ಮನೆಗೆ ನಾಲ್ಕು ಹಸು, ಒಂದಿಷ್ಟು ಕುರಿ, ಒಂದಿಷ್ಟು ಆಡು ಇರುತ್ತಿದ್ದವು, ಯಾವುದರ ಹಾಲೂ ಅದೊಂದೇ ಸಾಕಾಗುತ್ತಿರಲಿಲ್ಲ.

ಮಾಡುವ ಬಗೆ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ರಾತ್ರಿ ಕರೆದದ್ದು, ಬೆಳಿಗ್ಗೆ ಕರೆದದ್ದು ಎರಡೂ ಸೇರಿಸುತ್ತಾರೆ. ಕಾಯಿಸುವುದಿಲ್ಲ, ಉಗುರು ಬೆಚ್ಚಗೂ ಅಲ್ಲ, 22–23 ಡಿಗ್ರಿ ಅಷ್ಟೇ. ಹಾಲನ್ನು ಗಟ್ಟಿ ಮಾಡುವ ಕಿಣ್ವ ರೆನೆಟ್ ಬಹಳ ಕಡಿಮೆ ಹಾಕುತ್ತಾರೆ. ಹಿಂದೆಲ್ಲ ಹಾಲು ಕುಡಿಯುವ ಆಡಿನ ಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ಟೇ ಆಗಬೇಕಿತ್ತು. ಹಾಲು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದನ್ನು ಗೋಲಿಯಷ್ಟು ಸಣ್ಣ ತುಂಡು ಮಾಡಿ, ನೀರು ಬಸಿದು, ದುಂಡನೆಯ ಅಚ್ಚಿಗೆ ತುಂಬುತ್ತಾರೆ. ಒತ್ತುವುದಿಲ್ಲ. ಅದರ ಭಾರಕ್ಕೆ ಅದೇ ಕೂರಬೇಕು. ಒತ್ತಿದರೆ ತುಂಡುಗಳ ನಡುವೆ ಗಾಳಿಗೆ ಜಾಗವೇ ಇರುವುದಿಲ್ಲ, ಗಾಳಿ ಇಲ್ಲದಿದ್ದರೆ ನೀಲಿ ಬೂಷ್ಟು ಬೆಳೆಯುವುದಿಲ್ಲ. ಆಮೇಲೆ ಒಂದು ಮುಖಕ್ಕೆ ಉಪ್ಪು, ಮಾರನೇ ದಿನ ತಿರುಗಿಸಿ ಇನ್ನೊಂದು ಮುಖಕ್ಕೆ. ಹತ್ತು ಹದಿನೈದು ದಿನ ಗಾಳಿಯಾಡುವ ಕೋಣೆಯಲ್ಲಿ ಒಣಗಿದ ಮೇಲೆ ಗುಹೆ.

ಗುಹೆ ಅಂದರೆ ಸುಮ್ನೆ ತಣ್ಣನೆಯ ಕತ್ತಲ ಕೋಣೆ ಅಂದುಕೊಳ್ಳಬೇಡಿ. ಇಲ್ಲಿ ಬೇಕಾದದ್ದು ಬಂಡೆಯ ಬಿರುಕುಗಳಿಂದ ಬರುವ ಗಾಳಿ. ಅದಕ್ಕೆ ಅಲ್ಲಿನವರು ‘ಸೊಪ್ಲಾದೊ’ ಅನ್ನುತ್ತಾರೆ. ಬೆಟ್ಟದೊಳಗಿನ ಬಿರುಕುಗಳಲ್ಲಿ ಸುತ್ತಿ ಬರುವ ಈ ಗಾಳಿ ಬೇಸಿಗೆಯಲ್ಲೂ ತಣ್ಣಗೆ, ಒದ್ದೆಯಾಗಿ ಬೀಸುತ್ತದೆ. ಗುಹೆಯಲ್ಲಿ ತೇವ ಶೇಕಡಾ 90ರ ಆಸುಪಾಸು, ಉಷ್ಣಾಂಶ 8ರಿಂದ 12 ಡಿಗ್ರಿ. ಮರದ ಅಟ್ಟಣಿಗೆ ಮೇಲೆ ಚೀಸುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಆಗಾಗ ಹೋಗಿ ಒಂದೊಂದನ್ನೇ ಎತ್ತಿ, ಮೈಗೆ ಅಂಟಿದ ಲೋಳೆ ಒರೆಸಿ, ತಿರುಗಿಸಿ ಇಡಬೇಕು. ಹೊರಮೈ ಅಂಟಂಟು, ಬೂದು ಹಳದಿ, ಅಲ್ಲಲ್ಲಿ ಕೆಂಪು. ಮೊದಲು ಅಂಚಿನಲ್ಲಿ ನೀಲಿ ಕಾಣುತ್ತದೆ, ತಿಂಗಳು ಕಳೆದಂತೆ ನಡುವಿಗೆ ಹೋಗುತ್ತದೆ. ಸಂಪ್ರದಾಯದಲ್ಲಿ ಈ ಬೂಷ್ಟನ್ನು ಯಾರೂ ಹಾಕುವುದಿಲ್ಲ. ಗುಹೆಯ ಗೋಡೆಯಲ್ಲಿ, ಮರದಲ್ಲಿ, ಗಾಳಿಯಲ್ಲಿ ಪೆನಿಸಿಲಿಯಂ ಅನ್ನುವ ಈ ಬೂಷ್ಟು ಇದ್ದೇ ಇದೆ, ಅದು ತಾನಾಗೇ ಒಳಹೋಗುತ್ತದೆ. ಕಡಿಮೆ ಅಂದರೂ ಎರಡು ತಿಂಗಳು ಹೀಗೆ ಇರಬೇಕು, ಒಳ್ಳೆಯದಕ್ಕೆ ನಾಲ್ಕೈದು.

ಹಿಂದೆ ಮಾರುವಾಗ ದೊಡ್ಡ ಎಲೆಗಳಲ್ಲಿ ಸುತ್ತುತ್ತಿದ್ದರು, ಮೇಪಲ್ ಜಾತಿಯ ಮರದ್ದು. ಎಲೆ ಸುತ್ತಿದ ಯಾವ ನೀಲಿ ಚೀಸನ್ನೂ ಕಬ್ರಾಲೆಸ್ ಅಂತ ಮಾರುವವರು ಹುಟ್ಟಿಕೊಂಡರು. ಈಗ ಹಸಿರು ಬಣ್ಣದ ಅಲ್ಯೂಮಿನಿಯಂ ಹಾಳೆ, ಮೇಲೆ ನಂಬರು. ಫೋಟೊ ತೆಗೆಯುವವರಿಗೆ ಬೇಜಾರು, ಕೊಳ್ಳುವವರಿಗೆ ಒಳ್ಳೆಯದು.

ಆಡಿನ ಹಾಲು ಏನು ಮಾಡುತ್ತದೆ

ಇದನ್ನು ಬಿಡಿಸಿ ಹೇಳದಿದ್ದರೆ ‘ಹಸುವಿನ ಹಾಲಾದರೇನು’ ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ನೀಲಿ ಬೂಷ್ಟು ಚೀಸಿನ ಕೊಬ್ಬನ್ನು ಒಡೆಯುತ್ತದೆ. ಕೊಬ್ಬಿನಿಂದ ಬಿಡುಗಡೆಯಾದ ಆಮ್ಲಗಳಲ್ಲಿ ಕೆಲವನ್ನು ಅದು ಕೀಟೋನ್‌ಗಳಾಗಿ ಬದಲಾಯಿಸುತ್ತದೆ, ನೀಲಿ ಚೀಸಿನ ಆ ಮೂಗಿಗೆ ಹತ್ತುವ ವಾಸನೆ ಅಲ್ಲಿಂದ ಬರುವುದು. ಉಳಿದ ಆಮ್ಲಗಳು ನಾಲಿಗೆಗೆ ಖಾರದಂತೆ ಚುರುಕು ಮುಟ್ಟಿಸುತ್ತವೆ. ಆಡಿನ ಹಾಲಿನ ಕೊಬ್ಬಿನಲ್ಲಿ ಹೀಗೆ ಚುರುಕು ಕೊಡುವ ಚಿಕ್ಕ ಸರಪಳಿಯ, ಅಂದರೆ ಸಣ್ಣ ಅಣುಗಳ, ಆಮ್ಲಗಳು ಹಸುವಿನದಕ್ಕಿಂತ ಜಾಸ್ತಿ. ಕೊಬ್ಬಿನ ಹನಿಗಳೂ ಸಣ್ಣ. ಹಾಗಾಗಿ ಅದೇ ಗುಹೆ, ಅದೇ ಬೂಷ್ಟು, ಅಷ್ಟೇ ತಿಂಗಳು ಇದ್ದರೂ ಆಡಿನ ಹಾಲು ಸೇರಿದ ಚೀಸು ಹೆಚ್ಚು ಚುರುಕಾಗಿರುತ್ತದೆ, ಹೆಚ್ಚು ಹೊತ್ತು ಬಾಯಲ್ಲಿ ನಿಲ್ಲುತ್ತದೆ. ಬಣ್ಣದಲ್ಲೂ ಗೊತ್ತಾಗುತ್ತದೆ. ಹಸುವಿನ ಹಾಲಿನಲ್ಲಿ ಹುಲ್ಲಿನಿಂದ ಬಂದ ಹಳದಿ ಬಣ್ಣದ ಕೆರೋಟಿನ್ ಉಳಿದಿರುತ್ತದೆ, ಚೀಸು ತುಸು ಹಳದಿ. ಆಡು ಅದನ್ನು ಪೂರ್ತಿ ವಿಟಮಿನ್ ಎ ಆಗಿ ಬದಲಿಸಿಬಿಡುವುದರಿಂದ ಹಾಲು ಬೆಳ್ಳಗೆ.

ಆಡಿನ ಹಾಲಿನದು ಕಷ್ಟವೂ ಇದೆ. ಕಟ್ಟುವ ಗಡ್ಡೆ ಮೆತ್ತಗೆ, ಬೇಗ ಪುಡಿಯಾಗುತ್ತದೆ, ನೀಲಿ ಚೀಸಿಗೆ ಬೇಕಾದ ಗಾಳಿಜಾಗ ಉಳಿಯುವಂತೆ ಅಚ್ಚಿಗೆ ತುಂಬುವುದಕ್ಕೆ ಕೈ ಪಳಗಿರಬೇಕು. ಕುರಿಯ ಹಾಲು ಸೇರಿದರೆ ಗಡ್ಡೆ ಗಟ್ಟಿಯಾಗುತ್ತದೆ, ಹಸುವಿನದು ಪ್ರಮಾಣ ಕೊಡುತ್ತದೆ. ಮೂರೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಡತನಕ್ಕೆ ಮಾಡಿದ ಮಿಶ್ರಣ, ಆದರೆ ಕೆಲಸ ಚೆನ್ನಾಗೇ ಮಾಡಿತು.

ಹೋಗಿದ್ದು ಹೇಗೆ

ಮೊದಲ ಕಾರಣ ಯಾರೂ ಹೇಳಿಕೊಡಬೇಕಾದದ್ದಲ್ಲ. ಹಸು ಕೆಳಗೆ ಊರ ಹತ್ತಿರವೇ ಇರುತ್ತದೆ, ಮೆಷಿನ್ನಿನಲ್ಲಿ ಕರೆಯಬಹುದು, ವರ್ಷಪೂರ್ತಿ ಹಾಲು. ಬೆಟ್ಟದ ಆಡು ದಿನಕ್ಕೆ ಒಂದೆರಡು ಲೀಟರ್ ಕೊಟ್ಟರೆ ಪುಣ್ಯ, ಚಳಿಗಾಲದ ಕೊನೆಗೆ ಮರಿ ಹಾಕಿದರೆ ಶರತ್ಕಾಲದ ಹೊತ್ತಿಗೆ ಬತ್ತಿಹೋಗುತ್ತದೆ. ಹಾಗಾಗಿ ಮೂರು ಹಾಲಿನ ಚೀಸು ವಸಂತ, ಬೇಸಿಗೆಗೆ ಮಾತ್ರ ಸೀಮಿತ. ಸೂಪರ್‌ಮಾರ್ಕೆಟ್ಟಿಗೆ ಜನವರಿಯಲ್ಲೂ ಅದೇ ಸರಕು ಬೇಕು, ಬೇರೆ ರುಚಿ ಬಂದರೆ ವಾಪಸ್.

ಎರಡನೆಯದು ಮನುಷ್ಯರು. ಆಡು ಕರೆಯಲು ಬೆಳಿಗ್ಗೆ ಸಂಜೆ ಬೆಟ್ಟದ ಮೇಲೇ ಇರಬೇಕು. ಕರೆಂಟಿಲ್ಲ, ಫೋನ್ ಸಿಗುವುದಿಲ್ಲ, ಮಕ್ಕಳ ಶಾಲೆ ಕೆಳಗೆ. ಅದೇ ಬೆಟ್ಟ ನೋಡಲು ಬೇಸಿಗೆಯಲ್ಲಿ ಪ್ರವಾಸಿಗರು ಸಾಲುಗಟ್ಟಿ ಬರುತ್ತಾರೆ, ಅವರಿಗೆ ರೂಮು ಬಾಡಿಗೆಗೆ ಕೊಟ್ಟರೆ ಆಡಿಗಿಂತ ಚೆನ್ನಾಗಿ ದುಡ್ಡು ಬರುತ್ತದೆ. ಮಗನೋ ಮಗಳೋ ಯಾವುದನ್ನು ಆರಿಸಿಕೊಳ್ಳುತ್ತಾರೆ ಹೇಳಿ?

ಮೂರನೆಯದು ತೋಳ. ಹಸುವಿನ ಮಂದೆ ಒಂದು ಮಟ್ಟಿಗೆ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಆಡುಗಳು ಬಂಡೆ ಮೇಲೆ ಚದುರಿ ಮೇಯುತ್ತವೆ, ಕಾಯುವವರಿಲ್ಲದಿದ್ದರೆ ಸುಲಭದ ತುತ್ತು. 2021ರ ಸೆಪ್ಟೆಂಬರಿನಲ್ಲಿ ಸ್ಪೇನ್ ಸರ್ಕಾರ ದುಯೆರೊ ನದಿಯ ಉತ್ತರದ ತೋಳಗಳನ್ನೂ ರಕ್ಷಿತ ಪಟ್ಟಿಗೆ ಸೇರಿಸಿತು, ಬೇಟೆ ನಿಂತಿತು, ಸಾಕುವವರು ಬೀದಿಗಿಳಿದರು. 2025ರ ಮಾರ್ಚಿನಲ್ಲಿ ಸಂಸತ್ತು ಅದನ್ನು ವಾಪಸ್ ತೆಗೆಯಿತು, ಅದೂ ಆಹಾರ ಪೋಲಾಗುವುದನ್ನು ತಡೆಯುವ ಮಸೂದೆಯೊಳಗೆ ಒಂದು ತಿದ್ದುಪಡಿ ತೂರಿಸಿ! ತೋಳಕ್ಕೂ ಆಹಾರ ಪೋಲಿಗೂ ಏನು ಸಂಬಂಧ ಅಂತ ಕೇಳಬೇಡಿ, ರಾಜಕೀಯ ಎಲ್ಲಾ ಕಡೆ ಒಂದೇ. ತೋಳ ಉಳಿಯಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ತೋಳ ಇರುವ ಬೆಟ್ಟದಲ್ಲಿ ಆಡು ಇರಬೇಕಾದರೆ ನಾಯಿ ಬೇಕು, ರಾತ್ರಿ ದೊಡ್ಡಿ ಬೇಕು, ಅಲ್ಲೇ ಮಲಗುವ ಮನುಷ್ಯ ಬೇಕು. ಮೊದಲೇ ಇಲ್ಲದಿರುವುದು ಆ ಮನುಷ್ಯ.

ನಾಲ್ಕನೆಯದು ಕಣ್ಣಿಗೆ ಬೀಳದ ಕಾರಣ. ಯುರೋಪಿನಲ್ಲಿ ಸಾಕಣೆಗೆ ಕೊಡುವ ಸಹಾಯಧನ ಬಹುಪಾಲು ಹುಲ್ಲುಗಾವಲಿನ ವಿಸ್ತೀರ್ಣದ ಲೆಕ್ಕ. ಮೇಲಿನಿಂದ ತೆಗೆದ ಚಿತ್ರ ನೋಡಿ, ಬಂಡೆ ಎಷ್ಟು, ಪೊದೆ ಎಷ್ಟು ಅಂತ ಕಳೆದು, ಉಳಿದದ್ದಕ್ಕೆ ದುಡ್ಡು. ಹಸುವಿಗೆ ಇದು ಸರಿಹೋಗುತ್ತದೆ. ಆಡು ತಿನ್ನುವುದೇ ಪೊದೆ, ಹತ್ತುವುದೇ ಬಂಡೆ. ಅದರ ಊಟದ ತಟ್ಟೆಯನ್ನೇ ಲೆಕ್ಕದಿಂದ ಕಳೆದರೆ ಸಾಕುವವನಿಗೆ ಏನು ಸಿಗುತ್ತದೆ? ಆಡು ಹೋದ ಮೇಲೆ ಪೊದೆ ಇನ್ನೂ ಬೆಳೆಯುತ್ತದೆ, ಲೆಕ್ಕದಲ್ಲಿ ಹುಲ್ಲುಗಾವಲು ಇನ್ನೂ ಕಮ್ಮಿಯಾಗುತ್ತದೆ, ಒಣಗಿದರೆ ಬೆಂಕಿಗೂ ಅದೇ ಸೌದೆ.

ಹಸಿ ಹಾಲಿನ ಕಾನೂನೇ ಆಡನ್ನು ಓಡಿಸಿತು ಅನ್ನುವ ವಾದವನ್ನೂ ಕೇಳುತ್ತೇವೆ. ನನಗೆ ಅದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಯುರೋಪಿನ ನಿಯಮದಲ್ಲಿ ಹಸುವಿನ ಹಸಿ ಹಾಲಿನಲ್ಲಿ ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಮೀರಬಾರದು. ಕಾಯಿಸದೆ ಚೀಸು ಮಾಡುವ ಆಡು, ಕುರಿ ಹಾಲಿಗೆ ಐದು ಲಕ್ಷದ ತನಕ ರಿಯಾಯಿತಿ ಇದೆ. ಅಂದರೆ ಸಂಖ್ಯೆಯ ಮಟ್ಟಿಗೆ ಆಡಿನ ಮೇಲೆ ಕಾನೂನಿಗೆ ಸಿಟ್ಟಿಲ್ಲ. ತೊಂದರೆ ಇರುವುದು ಗುಡಿಸಲಲ್ಲಿ. ತೊಳೆಯಲು ಬರುವ ಗೋಡೆ, ಕುಡಿಯಲು ಯೋಗ್ಯವಾದ ನಲ್ಲಿ ನೀರು, ಹಾಲು ತಣ್ಣಗಿಡುವ ವ್ಯವಸ್ಥೆ, ಇವೆಲ್ಲ ಬೆಟ್ಟದ ಮೇಲೆ ಕಟ್ಟಬೇಕು. ಆ ಬೆಟ್ಟ ರಾಷ್ಟ್ರೀಯ ಉದ್ಯಾನ, ಒಂದು ಕಲ್ಲು ಎತ್ತಿಡಬೇಕಾದರೂ ಅನುಮತಿ. ಹಾಗಂತ ನಿಯಮವೇ ಬೇಡ ಅನ್ನುವಂತೆಯೂ ಇಲ್ಲ. ನೀಲಿ ಚೀಸು ಮಾಗುತ್ತಾ ಹೋದಂತೆ ಅದರ ಹುಳಿ ಇಳಿಯುತ್ತದೆ, ತೇವ ಇದ್ದೇ ಇರುತ್ತದೆ, ಲಿಸ್ಟೀರಿಯಾ ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಾಕು. ಗರ್ಭಿಣಿಯರು ಹಸಿ ಹಾಲಿನ ನೀಲಿ ಚೀಸಿನಿಂದ ದೂರ ಇರಿ ಅಂತ ವೈದ್ಯರು ಹೇಳುವುದು ಸುಮ್ನೆ ಅಲ್ಲ.

ಉದ್ಯಾನದ ಮಾತು ಬಂದಿದ್ದಕ್ಕೆ ಒಂದು ಅಡ್ಡ ಕಥೆ. ಇಲ್ಲಿನ ಅತಿ ಪ್ರಸಿದ್ಧ ಶಿಖರ ನರಾನ್ಹೊ ದೆ ಬುಲ್ನೆಸ್. 1904ರಲ್ಲಿ ಅದನ್ನು ಮೊದಲು ಹತ್ತಿದ್ದು ಪೆದ್ರೊ ಪಿದಾಲ್ ಎಂಬ ಜಮೀನ್ದಾರಿ ಮನೆತನದ ಮನುಷ್ಯ, ಜೊತೆಯಲ್ಲಿ ಕಾಯಿನ್ ಊರಿನ ಕುರಿಗಾಹಿ ಗ್ರೆಗೊರಿಯೊ ಪೆರೆಸ್. ಸ್ಪೇನಿನಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ತಂದದ್ದು ಇದೇ ಪಿದಾಲ್, 1918ರಲ್ಲಿ ಇಲ್ಲೇ ಮೊದಲ ಉದ್ಯಾನ ಆಯಿತು, 1995ರಲ್ಲಿ ಅದು ಕಬ್ರಾಲೆಸ್ ಕಡೆಯ ಬೆಟ್ಟಗಳಿಗೂ ಹಬ್ಬಿತು. ಕುರಿಗಾಹಿಯ ಕೈ ಹಿಡಿದು ಮೇಲೆ ಹೋದವರು ಕಟ್ಟಿದ ಉದ್ಯಾನದಲ್ಲಿ ಕುರಿಗಾಹಿಗೆ ಗುಡಿಸಲು ರಿಪೇರಿಗೆ ಅರ್ಜಿ ಹಾಕುವ ಪರಿಸ್ಥಿತಿ.

ಹೆಸರು ಏನನ್ನು ಕಾಪಾಡಿತು

1981ರಲ್ಲಿ ಕಬ್ರಾಲೆಸ್‌ಗೆ ಸ್ಪೇನಿನಲ್ಲಿ ಮೂಲಸ್ಥಾನದ ಹೆಸರಿನ ರಕ್ಷಣೆ ಸಿಕ್ಕಿತು, 1996ರಲ್ಲಿ ಯುರೋಪ್ ಒಕ್ಕೂಟದ್ದೂ ಬಂತು. ನಮ್ಮ ನಂಜನಗೂಡು ರಸಬಾಳೆಗೆ ಸಿಕ್ಕಿರುವ ಜಿಐ (ಭೌಗೋಳಿಕ ಗುರುತು) ಇದ್ದ ಹಾಗೆ. ನಿಯಮ ಓದಿದರೆ ಜಾಗದ ವಿಷಯದಲ್ಲಿ ಬಹಳ ಬಿಗಿ. ಕಬ್ರಾಲೆಸ್ ತಾಲ್ಲೂಕಿನ ಊರುಗಳು, ಪಕ್ಕದ ಪೆನ್ಯಾಮೆಲ್ಯೆರಾ ಆಲ್ತಾದ ಮೂರು ಊರುಗಳು, ಅಷ್ಟೇ. ಹಾಲು ಅಲ್ಲಿಯದೇ ಆಗಬೇಕು, ಮಾಗುವುದೂ ಅಲ್ಲಿಯ ಗುಹೆಯಲ್ಲೇ. ಹಾಲಿನ ವಿಷಯಕ್ಕೆ ಬಂದಾಗ ಮಾತ್ರ ಸಡಿಲ. ಹಸುವಿನ ಹಾಲು, ಇಲ್ಲವೇ ಎರಡು ಅಥವಾ ಮೂರರ ಮಿಶ್ರಣ.

ಆ ‘ಇಲ್ಲವೇ’ಯಲ್ಲೇ ಆಡು ಜಾರಿಹೋಯಿತು ಅನ್ನುವುದು ನನ್ನ ಅಭಿಪ್ರಾಯ. ಗುಹೆ ಕಡ್ಡಾಯ, ಹಾಗಾಗಿ ಗುಹೆ ಉಳಿಯಿತು. ಊರಿನ ಗಡಿ ಕಡ್ಡಾಯ, ಹಾಗಾಗಿ ಊರಿನಲ್ಲಿ ಚೀಸ್ ಮನೆಗಳು ಉಳಿದವು, ಅದೇನು ಸಣ್ಣ ಸಾಧನೆ ಅಲ್ಲ. ಆಡು ಇದ್ದರೂ ಸರಿ ಬಿಟ್ಟರೂ ಸರಿ ಅಂತ ಬರೆದರು, ಹೆಸರು ಎರಡಕ್ಕೂ ಒಂದೇ ಕೊಟ್ಟರು. ಕಷ್ಟಪಟ್ಟು ಆಡು ಸಾಕಿದವನ ಚೀಸಿಗೂ ಸುಲಭದ ಚೀಸಿಗೂ ಒಂದೇ ಮುದ್ರೆ ಅಂದಮೇಲೆ ಕಷ್ಟ ಯಾಕೆ ಪಡಬೇಕು?

ಹಾಗಾದರೆ ಆ 36,000 ಯೂರೊ? ಹರಾಜಿನ ಹಿಂದಿನ ವರ್ಷಗಳನ್ನು ನೋಡಿ. 2019ರಲ್ಲಿ 20,500, 2023ರಲ್ಲಿ 30,000, 2024ರಲ್ಲಿ 36,000. ಮೂರು ಸಲವೂ ಕೊಂಡದ್ದು ಒಂದೇ ರೆಸ್ಟೋರೆಂಟು, ಓವಿಯೆದೊ ಪಕ್ಕದ ಕೊಯ್ಯೊತೊದ್ದು. ದಾಖಲೆ ಮಾಡಿದ ಮಾರನೇ ದಿನ ಜಗತ್ತಿನ ಪತ್ರಿಕೆಗಳಲ್ಲಿ ಆ ರೆಸ್ಟೋರೆಂಟಿನ ಹೆಸರು. ಜಾಹೀರಾತಿಗೆ ಇಷ್ಟು ಅಗ್ಗದ ದಾರಿ ಬೇರೆ ಇಲ್ಲ, ಬುದ್ಧಿವಂತ ವ್ಯಾಪಾರ, ಅದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ಊರಿಗೂ ಹೆಸರು ಬಂತು. ಆದರೆ ಇದು ಒಂದು ಚೀಸಿನ ಬೆಲೆ, ಚೀಸುಗಳ ಬೆಲೆ ಅಲ್ಲ. ಉಳಿದ ಚೀಸೆಲ್ಲ ಅಂಗಡಿಯಲ್ಲಿ ಮಾಮೂಲಿ ಬೆಲೆಗೇ ಹೋಗುತ್ತದೆ, ಬೆಟ್ಟದ ಮೇಲೆ ಆಡು ಕರೆಯುವವನ ಲೀಟರ್ ದರಕ್ಕೆ ಹರಾಜಿನಿಂದ ಏನೂ ಸೇರುವುದಿಲ್ಲ.

ಪಕ್ಕದವರು ಮಾಡಿದ್ದು

ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಲ್ಲಿ ಗಮೊನೆಯು ಅನ್ನುವ ಚೀಸಿದೆ. ಸ್ವಲ್ಪ ಹೊಗೆ ಹಿಡಿಸಿ ಮಾಡುವುದು, ನೀಲಿ ಅಂಚಿನ ಹತ್ತಿರ ಮಾತ್ರ. ಅವರು ಹೆಸರಿನ ರಕ್ಷಣೆ ಪಡೆಯುವಾಗಲೇ ಎರಡು ಬಗೆ ಮಾಡಿದರು. ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಗುಡಿಸಲಿನಲ್ಲೇ ಮಾಡಿದ್ದಕ್ಕೆ ಒಂದು ಹೆಸರು, ‘ದೆಲ್ ಪುಯೆರ್ತೊ’. ಕೆಳಗೆ ಕಣಿವೆಯಲ್ಲಿ ಮಾಡಿದ್ದಕ್ಕೆ ಇನ್ನೊಂದು, ‘ದೆಲ್ ವಾಯೆ’. ಕೊಳ್ಳುವವನಿಗೆ ಗೊಂದಲ ಇಲ್ಲ, ಬೆಟ್ಟದ್ದಕ್ಕೆ ಬೆಲೆ ಜಾಸ್ತಿ, ಆ ಜಾಸ್ತಿ ನೇರ ಬೆಟ್ಟದ ಮೇಲಿದ್ದವನಿಗೇ ಹೋಗುತ್ತದೆ.

ಇದರಿಂದ ಎಲ್ಲಾ ಸರಿಹೋಯಿತಾ ಅಂದರೆ ಇಲ್ಲ. ಬೆಟ್ಟದ ಗಮೊನೆಯು ಮಾಡುವವರು ಇವತ್ತು ಬೆರಳೆಣಿಕೆಯಷ್ಟು. ಬೆಲೆಯೊಂದರಿಂದ ಮಕ್ಕಳ ಶಾಲೆ ಬೆಟ್ಟಕ್ಕೆ ಬರುವುದಿಲ್ಲ, ತೋಳ ಹಿಂದೆ ಹೋಗುವುದಿಲ್ಲ. ಆದರೂ ಒಂದು ವ್ಯತ್ಯಾಸ ಇದೆ. ಅಲ್ಲಿ ಯಾರು ಉಳಿದಿದ್ದಾರೆ, ಯಾರು ಬಿಟ್ಟರು ಅಂತ ಲೆಕ್ಕ ಹೊರಗೆ ಕಾಣುತ್ತದೆ, ಸರ್ಕಾರಕ್ಕೆ ಸಹಾಯ ಮಾಡಬೇಕಿದ್ದರೆ ಯಾರಿಗೆ ಅಂತ ಗೊತ್ತು. ಕಬ್ರಾಲೆಸ್‌ನಲ್ಲಿ ಆಡು ಕಮ್ಮಿಯಾದದ್ದು ಹಸಿರು ಹಾಳೆಯ ಒಳಗೆ ಮುಚ್ಚಿಹೋಗಿದೆ. ಅಸ್ತೂರಿಯಾಸ್‌ನದೇ ಆದ ಕೆಂಪು ಮೈಯ ಬೆರ್ಮೆಯಾ ಆಡಿನ ತಳಿ ಅಳಿವಿನ ಪಟ್ಟಿಯಲ್ಲಿದೆ, ಅದೇ ಪ್ರಾಂತ್ಯದ ಚೀಸು ಅದೇ ಹೊತ್ತಿಗೆ ಗಿನ್ನೆಸ್ ಪಟ್ಟಿಯಲ್ಲಿದೆ.

ನಮ್ಮ ಕಡೆಯವರು ಇದನ್ನು ಓದಿ ‘ನಾವೂ ಆಡಿನ ಹಾಲಿನಲ್ಲಿ ಮಾಡಬಹುದಲ್ವಾ’ ಅಂತ ಕೇಳುತ್ತಾರೆ. ಕರ್ನಾಟಕದಲ್ಲಿ ಆಡು ಸಾಕುವುದು ಮುಖ್ಯವಾಗಿ ಮಾಂಸಕ್ಕೆ, ನಂದಿದುರ್ಗ ತಳಿಯೂ ಅಷ್ಟೇ, ಹಾಲು ಮರಿಗೆ ಸಾಕಾದರೆ ಸಾಕು. ಮಾಡುವುದಾದರೆ ಬೂಷ್ಟು, ಗುಹೆ ಎಲ್ಲ ಆಮೇಲಿನ ಮಾತು. ದಿನಾ ಎರಡು ಹೊತ್ತು ಕರೆಯುವವರು ಯಾರು, ಅವರಿಗೆ ಲೀಟರಿಗೆ ಎಷ್ಟು ಕೊಡುತ್ತೀರಿ ಅನ್ನುವುದನ್ನು ಮೊದಲು ಬರೆದುಕೊಳ್ಳಿ.

ಕಬ್ರಾಲೆಸ್ ವಿಷಯದಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಮೂರು ಹಾಲಿನ ಚೀಸಿಗೆ ಬೇರೆ ಬಣ್ಣದ ಹಾಳೆ, ಸ್ಪರ್ಧೆಯಲ್ಲಿ ಅದಕ್ಕೇ ಬೇರೆ ಹರಾಜು, ಪೊದೆಯನ್ನೂ ಮೇವು ಅಂತ ಎಣಿಸುವ ಸಹಾಯಧನ. ಮೊದಲನೆಯದಕ್ಕೆ ಖರ್ಚು ಹೆಚ್ಚಿಲ್ಲ, ಹಸುವಿನ ಹಾಲಿನವರ ವ್ಯಾಪಾರವೂ ಕೆಡುವುದಿಲ್ಲ. ಅವರ ಚೀಸು ಕೆಟ್ಟದ್ದು ಅಂತ ಯಾರೂ ಹೇಳುತ್ತಿಲ್ಲ, ದಾಖಲೆ ಬರೆದ ಚೀಸಿಗೆ ಮೊದಲ ಬಹುಮಾನ ಕೊಟ್ಟವರು ರುಚಿ ನೋಡಿಯೇ ಕೊಟ್ಟಿರುತ್ತಾರೆ.

ಸ್ಪೇನಿಗೆ ಹೋಗುವವರಿದ್ದರೆ ಕೊನೆಯದಾಗಿ ಒಂದು ಮಾತು. ಚೀಸ್ ಅಂಗಡಿಯಲ್ಲಿ ‘ದೆ ತ್ರೆಸ್ ಲೆಚೆಸ್’, ಅಂದರೆ ಮೂರು ಹಾಲಿನ, ಕಬ್ರಾಲೆಸ್ ಇದೆಯಾ ಅಂತ ಕೇಳಿ. ಬೇಕರಿಯಲ್ಲಿ ಕೇಳಿದರೆ ಅದೇ ಹೆಸರಿನ ಕೇಕ್ ಕೊಡುತ್ತಾರೆ, ಅದು ಬೇರೆ. ಬೇಸಿಗೆಯಲ್ಲಿ ಮಾಡಿದ್ದು ಗುಹೆಯಿಂದ ಹೊರಬರುವುದು ಅಕ್ಟೋಬರಿನ ಸುಮಾರಿಗೆ, ಚಳಿಗಾಲದ ಮಧ್ಯದ ತನಕ ಸಿಗಬಹುದು. ಅಂಗಡಿಯವರಿಗೆ ಯಾವ ಊರಿನದು, ಯಾವ ಹಾಲಿನದು ಅಂತ ಗೊತ್ತಿದ್ದರೆ ಅಲ್ಲೇ ಕೊಳ್ಳಿ. ‘ಎಲ್ಲಾ ಒಂದೇ’ ಅಂದರೆ ಮುಂದಿನ ಅಂಗಡಿ ನೋಡಿ.